ಅದೇ 54 ಬಿಟ್, ಬೇರೆಯೇ ದನಿ

ಲ್ಯಾಂಡ್‌ಲೈನ್ ಕಾಲದ ಡಿಜಿಟಲ್ ಎಕ್ಸ್‌ಚೇಂಜ್ ನಿಮ್ಮ ಮಾತನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಯನ್ನೂ 8 ಬಿಟ್‌ನಲ್ಲಿ ಬರೆದುಕೊಳ್ಳುತ್ತದೆ. ಅಲ್ಲಿಗೆ ಸೆಕೆಂಡಿಗೆ 64,000 ಬಿಟ್ ಆಯಿತು. ಇದು 1972ರ ಮಾನದಂಡ, ಜಿ.711 ಅಂತ ಹೆಸರು, ಇವತ್ತಿಗೂ ಬಳಕೆಯಲ್ಲಿದೆ. ಜಿಎಸ್‌ಎಂ ಮೊಬೈಲ್ ಬಂದಾಗ ಅದನ್ನು 13,000ಕ್ಕೆ ಇಳಿಸಿದರು. ಆದರೆ ಸೈನ್ಯದ ರೇಡಿಯೊ, ಇರಿಡಿಯಂ ಸ್ಯಾಟಲೈಟ್ ಫೋನ್, ಡಿಜಿಟಲ್ ವಾಕಿಟಾಕಿ, ಹ್ಯಾಮ್‌ಗಳ (ಹವ್ಯಾಸಕ್ಕೆ ರೇಡಿಯೊ ನಡೆಸುವವರ) ಶಾರ್ಟ್‌ವೇವ್ ರೇಡಿಯೊ, ಇವಕ್ಕೆಲ್ಲ ಅಷ್ಟು ಜಾಗವೂ ಇಲ್ಲ. ಅಲ್ಲಿ ಮಾತಿಗೆ ಸಿಗುವುದು ಸೆಕೆಂಡಿಗೆ 2,400 ಬಿಟ್ ಆಸುಪಾಸು. ಕೆಲವು ಕಡೆ ಬರೀ 700.

700 ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ ನೋಡಿ. ಒಂದು ನಿಮಿಷದ ಮಾತಿಗೆ 42,000 ಬಿಟ್, ಅಂದರೆ 5,250 ಬೈಟ್. ಕನ್ನಡ ಟೈಪ್ ಮಾಡುವಾಗ ಯುಟಿಎಫ್-8ರಲ್ಲಿ ಒಂದು ಅಕ್ಷರಕ್ಕೆ 3 ಬೈಟ್ ಬೇಕು, ಅದರ ಕಾಗುಣಿತದ ಗುರುತಿಗೆ ಇನ್ನೂ 3 ಬೈಟ್. ಹಾಗಾಗಿ 5,250 ಬೈಟ್‌ನಲ್ಲಿ ಹಿಡಿಸುವುದು 1,750 ಗುರುತುಗಳು, ಹೆಚ್ಚುಕಮ್ಮಿ ಒಂದು ಪುಟ ಬರಹ. ಒಬ್ಬರು ಒಂದು ನಿಮಿಷ ಮಾತಾಡಿದ್ದನ್ನು, ಅವರ ದನಿಯ ಏರಿಳಿತ, ಅವಸರ, ಸಿಟ್ಟು ಎಲ್ಲ ಸೇರಿಸಿ, ಒಂದು ಪುಟ ಟೈಪ್ ಮಾಡಿದಷ್ಟೇ ಜಾಗದಲ್ಲಿ ಕಳಿಸಬೇಕು. ನನಗಂತೂ ಇದು ಸಾಧ್ಯವಾಗಿರುವುದೇ ದೊಡ್ಡ ವಿಷಯ ಅನ್ನಿಸುತ್ತದೆ.

ಇಷ್ಟು ಕಷ್ಟಪಟ್ಟು ಬಿಟ್ ಕಡಿಮೆ ಮಾಡುವುದು ಯಾಕೆ? ಬರೀ ಜಾಗ ಉಳಿಸೋಕೆ ಅಲ್ಲ. ರೇಡಿಯೊ ಕಳಿಸುವ ಶಕ್ತಿ ಇಷ್ಟೇ ಅಂತ ನಿಗದಿಯಾಗಿರುತ್ತದೆ, ಬ್ಯಾಟರಿಯೂ ಇಷ್ಟೇ. ಅದೇ ಶಕ್ತಿಯನ್ನು ಸೆಕೆಂಡಿಗೆ 700 ಬಿಟ್‌ಗೆ ಹಂಚಿದರೆ ಒಂದೊಂದು ಬಿಟ್‌ಗೂ ಜಾಸ್ತಿ ಪಾಲು ಸಿಗುತ್ತದೆ. ಹಾಗಾಗಿ ಅದು ಗದ್ದಲದ ನಡುವೆಯೂ ದೂರ ಹೋಗಿ ಮುಟ್ಟುತ್ತದೆ. ಕಡಿಮೆ ಬಿಟ್ ಅಂದರೆ ಜಾಸ್ತಿ ದೂರ. ಕಾಡಿನಲ್ಲಿ, ಸಮುದ್ರದಲ್ಲಿ, ನೆರೆ ಬಂದು ಟವರ್ ಎಲ್ಲ ಕೈಕೊಟ್ಟಾಗ ಈ ದೂರವೇ ಮುಖ್ಯ.

ಬಿಟ್ ಜಾಸ್ತಿ ಮಾಡಿದರೆ ದನಿ ಚೆನ್ನಾಗುತ್ತದೆ, ಅದು ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರುವುದು ಬೇರೆ. ಬಿಟ್ ಅಷ್ಟೇ ಇದ್ದು ದನಿ ಮಾತ್ರ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಾ ಬಂದಿದೆ. ಆ ಸುಧಾರಣೆ ಬಂದಿದ್ದು ಇರುವ ಬಿಟ್‌ಗಳನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವ ತಿಳಿವಳಿಕೆಯಿಂದ, ಮತ್ತೆ ಬಿಟ್ ಖರ್ಚೇ ಇಲ್ಲದೆ ಎರಡೂ ತುದಿಯಲ್ಲಿ ಮಾಡಬಹುದಾದ ಕೆಲಸಗಳಿಂದ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. 64,000 ಬಿಟ್ ಇದ್ದಾಗ ದನಿಯ ಅಲೆಯನ್ನೇ ಇದ್ದ ಹಾಗೆ ಕಳಿಸಬಹುದು. 2,400ರಲ್ಲಿ ಅದು ಆಗದ ಮಾತು. ಫೋಟೊ ಕಳಿಸೋಕೆ ದಾರಿ ಇಲ್ಲದಾಗ ಪೊಲೀಸರು ಏನು ಮಾಡುತ್ತಾರೆ? ಮುಖದ ವರ್ಣನೆಯನ್ನು ಫೋನಿನಲ್ಲಿ ಹೇಳುತ್ತಾರೆ, ಆ ಕಡೆ ಒಬ್ಬ ಕಲಾವಿದ ಅದನ್ನು ಕೇಳಿ ಚಿತ್ರ ಬರೆಯುತ್ತಾನೆ. ಇಲ್ಲೂ ಹಾಗೇನೇ. ಕಳಿಸುವ ಕಡೆಯ ಎನ್‌ಕೋಡರ್ ದನಿಯ ವರ್ಣನೆಯನ್ನಷ್ಟೇ ಕಳಿಸುತ್ತದೆ. ಕೇಳುವ ಕಡೆಯ ಡಿಕೋಡರ್ ಆ ವರ್ಣನೆಯಿಂದ ಹೊಸದಾಗಿ ಒಂದು ದನಿ ಹುಟ್ಟಿಸುತ್ತದೆ. ನೀವು ಕೇಳುವ ಅಲೆ, ಮಾತಾಡಿದವರ ಬಾಯಿಂದ ಹೊರಟ ಅಲೆ ಅಲ್ಲವೇ ಅಲ್ಲ.

ವರ್ಣನೆಯಲ್ಲಿ ಏನೇನು ಇರಬೇಕು? ಅದಕ್ಕೆ ಮಾತು ಹುಟ್ಟುವ ಬಗೆಯನ್ನು ನೋಡಬೇಕು. ಗಂಟಲಲ್ಲಿ ಧ್ವನಿತಂತುಗಳು ಅದುರುತ್ತವೆ. ಗಂಡಸರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ನೂರು, ನೂರಿಪ್ಪತ್ತು ಸಲ, ಹೆಂಗಸರಲ್ಲಿ ಇನ್ನೂರರ ಸುತ್ತಮುತ್ತ. ಇದು ಪಿಚ್. ಆ ಸದ್ದು ಬಾಯಿ, ನಾಲಿಗೆ, ತುಟಿ ಸೇರಿ ಮಾಡಿದ ಕೊಳವೆಯೊಳಗೆ ಹಾದು ಬರುವಾಗ ಕೆಲವು ಫ್ರೀಕ್ವೆನ್ಸಿಗಳು ಎದ್ದು ನಿಲ್ಲುತ್ತವೆ, ಕೆಲವು ಅಡಗುತ್ತವೆ. ಎದ್ದು ನಿಂತ ಶಿಖರಗಳಿಗೆ ಫಾರ್ಮಂಟ್ ಅಂತಾರೆ. ‘ಆ’ಗೂ ‘ಈ’ಗೂ ಇರುವ ವ್ಯತ್ಯಾಸ ಈ ಶಿಖರಗಳ ಜಾಗದ್ದು. ಇನ್ನು ಸ, ಶ ಥರದ ಸದ್ದುಗಳಲ್ಲಿ ಧ್ವನಿತಂತು ಅದುರುವುದೇ ಇಲ್ಲ, ಬರೀ ಗಾಳಿಯ ಸದ್ದು. ಶಾಲೆಯ ವ್ಯಾಕರಣದಲ್ಲಿ ಘೋಷ, ಅಘೋಷ ಅಂತ ಓದಿದ್ದೀವಲ್ಲ, ಆ ಭೇದವೇ ಇದು.

ಹಾಗಾಗಿ ಇಪ್ಪತ್ತು ಮಿಲಿಸೆಕೆಂಡಿಗೊಮ್ಮೆ ನಾಲ್ಕು ಸಂಗತಿ ಹೇಳಿದರೆ ಸಾಕು: ಕೊಳವೆಯ ಆಕಾರ ಹೇಗಿದೆ, ಪಿಚ್ ಎಷ್ಟು, ಸದ್ದು ಎಷ್ಟು ಜೋರು, ಘೋಷವೋ ಅಘೋಷವೋ. ಕೊಳವೆಯ ಆಕಾರ ಹೇಳೋಕೆ ಲೀನಿಯರ್ ಪ್ರಿಡಿಕ್ಷನ್ ಅನ್ನುವ ಲೆಕ್ಕ ಇದೆ. ಹಿಂದಿನ ಹತ್ತು ಸ್ಯಾಂಪಲ್‌ಗಳನ್ನು, ಅಂದರೆ ಅಳತೆಗಳನ್ನು, ತಕ್ಕ ತೂಕ ಕೊಟ್ಟು ಕೂಡಿಸಿದರೆ ಮುಂದಿನ ಸ್ಯಾಂಪಲ್ ಹೆಚ್ಚುಕಮ್ಮಿ ಊಹಿಸಬಹುದು, ಆ ಹತ್ತು ತೂಕಗಳಲ್ಲೇ ಕೊಳವೆಯ ಆಕಾರ ಅಡಗಿರುತ್ತದೆ. 1960ರ ದಶಕದ ಕೊನೆಯಲ್ಲಿ ಜಪಾನಿನ ಎನ್‌ಟಿಟಿಯಲ್ಲಿ ಫುಮಿತಾದಾ ಇಟಾಕುರ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಿಷ್ಣು ಅಟಲ್ ಇದನ್ನು ಬೇರೆಬೇರೆಯಾಗಿ ಮಾತಿಗೆ ಒಗ್ಗಿಸಿದರು. ಅಟಲ್ ಕಾನ್ಪುರದವರು. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಓದಿ, ಅಲ್ಲೇ 1957ರಿಂದ 1960ರವರೆಗೆ ಧ್ವನಿವಿಜ್ಞಾನ ಪಾಠ ಮಾಡಿ, 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಇವತ್ತು ಜಗತ್ತಿನ ಯಾವ ಮೊಬೈಲ್ ಫೋನ್ ತೆಗೆದುಕೊಂಡರೂ ಅದರೊಳಗೆ ಈ ಲೆಕ್ಕ ನಡೆಯುತ್ತಿರುತ್ತದೆ. ಇದನ್ನು ನಾವು ಇನ್ನೂ ಸ್ವಲ್ಪ ಜೋರಾಗಿ ಹೇಳಿಕೊಳ್ಳಬೇಕು ಅಂತ ನನಗೆ ಅನ್ನಿಸುತ್ತೆ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದ ಸರ್ಕಾರ 1984ರಲ್ಲಿ ಎಲ್‌ಪಿಸಿ-10 ಅನ್ನುವ ಕೊಡೆಕ್ಕನ್ನು (ಎನ್‌ಕೋಡರ್, ಡಿಕೋಡರ್ ಎರಡೂ ಸೇರಿದರೆ ಕೊಡೆಕ್) 2,400 ಬಿಟ್‌ನ ಮಾನದಂಡ ಮಾಡಿತು. ಅದರಲ್ಲಿ ಒಂದು ಫ್ರೇಮ್ ಅಂದರೆ 22.5 ಮಿಲಿಸೆಕೆಂಡ್, ಫ್ರೇಮಿಗೆ 54 ಬಿಟ್. ಆ 54ರಲ್ಲಿ 41 ಬಿಟ್ ಕೊಳವೆಯ ಆಕಾರಕ್ಕೇ ಹೋಗುತ್ತಿತ್ತು. ಪಿಚ್ ಮತ್ತು ಘೋಷ-ಅಘೋಷ ಸೇರಿ 7, ಜೋರಿಗೆ 5, ಎರಡೂ ಕಡೆಯ ತಾಳ ತಪ್ಪದಿರಲು 1. ಮಾತು ಅರ್ಥವಾಗುತ್ತಿತ್ತು. ಆದರೆ ಕೇಳೋಕೆ ಹಿಂಸೆ. ರೋಬೋ ದನಿ, ‘ಝುಂಯ್’ ಅನ್ನುವ ಲೋಹದ ಸದ್ದು, ಯಾರು ಮಾತಾಡುತ್ತಿದ್ದಾರೆ ಅಂತ ಗುರುತು ಹಿಡಿಯೋಕೂ ಕಷ್ಟ.

ಯಾಕೆ ಹಾಗೆ? ಕೊಳವೆಯ ಆಕಾರ ತಪ್ಪಾಗಿತ್ತು ಅಂತಲ್ಲ, ಅದಕ್ಕೆ 41 ಬಿಟ್ ಸುರಿದಿದ್ದರಲ್ಲ. ತಪ್ಪಿದ್ದು ಗಂಟಲಿನ ಕಡೆ. ಎಲ್‌ಪಿಸಿ-10ರ ಪ್ರಕಾರ ಒಂದು ಫ್ರೇಮ್ ಒಂದೋ ಪೂರ್ತಿ ಘೋಷ, ಇಲ್ಲ ಪೂರ್ತಿ ಅಘೋಷ. ಘೋಷವಾದರೆ ಗಡಿಯಾರದಷ್ಟು ಕರಾರುವಾಕ್ಕಾಗಿ ಬರುವ ಚೂಪಾದ ಮಿಡಿತಗಳು, ಅಘೋಷವಾದರೆ ಬರೀ ಗಾಳಿಯ ಸದ್ದು. ನಿಜವಾದ ಗಂಟಲು ಹಾಗಿಲ್ಲ. ‘ಜ’ ಅಂದು ನೋಡಿ, ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಅದುರು ಇದೆ, ಮೇಲಿನವುಗಳಲ್ಲಿ ಗಾಳಿ ಇದೆ, ಎರಡೂ ಒಟ್ಟಿಗೇ. ಮಾತಿನ ಕೊನೆಗೆ ದನಿ ಇಳಿಯುವಾಗ ಮಿಡಿತಗಳು ಹಿಂದೆಮುಂದೆ ಆಗುತ್ತವೆ. ಯಾವ ಮಿಡಿತವೂ ಸೂಜಿಯಷ್ಟು ಚೂಪಲ್ಲ, ಸ್ವಲ್ಪ ಹರಡಿಕೊಂಡಿರುತ್ತದೆ. ಕಿವಿ ಇದನ್ನೆಲ್ಲ ಚೆನ್ನಾಗಿ ಗಮನಿಸುತ್ತದೆ. ಎಲ್ಲ ಫ್ರೀಕ್ವೆನ್ಸಿಗಳೂ ಒಂದೇ ಕ್ಷಣಕ್ಕೆ ಒಟ್ಟಿಗೆ ಎದ್ದರೆ ಕಿವಿಗೆ ಅದು ಮನುಷ್ಯರ ದನಿ ಅನ್ನಿಸುವುದಿಲ್ಲ, ಯಂತ್ರ ಅನ್ನಿಸುತ್ತದೆ.

ಇದನ್ನು ಸರಿ ಮಾಡಿದ್ದು ಮೆಲ್ಪ್ ಅನ್ನುವ ಕೊಡೆಕ್. ಜಾರ್ಜಿಯಾ ಟೆಕ್‌ನಲ್ಲಿ ಅಲನ್ ಮೆಕ್‌ಕ್ರೀ ಮತ್ತು ಥಾಮಸ್ ಬಾರ್ನ್‌ವೆಲ್ ಬೆಳೆಸಿದ ಮಾದರಿ. ಇದರ ಮೇಲೆ ಕಟ್ಟಿದ ಕೊಡೆಕ್ಕನ್ನು 1996ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಸ್ಪರ್ಧೆ ನಡೆಸಿ ಆರಿಸಿಕೊಂಡಿತು. ಈಗ ಗಮನ ಕೊಟ್ಟು ನೋಡಿ, ಯಾಕಂದರೆ ಇಡೀ ವಿಷಯದ ತಿರುಳು ಇಲ್ಲಿದೆ. ಮೆಲ್ಪ್‌ದೂ 2,400 ಬಿಟ್, ಅದೇ 22.5 ಮಿಲಿಸೆಕೆಂಡಿನ ಫ್ರೇಮ್, ಅದೇ 54 ಬಿಟ್. ಒಂದು ಬಿಟ್ಟೂ ಜಾಸ್ತಿ ಇಲ್ಲ.

ಕೊಳವೆಯ ಆಕಾರಕ್ಕೆ 41ರ ಬದಲು 25 ಬಿಟ್ ಸಾಕು ಅಂತ ಮಾಡಿದರು. ಉಳಿದ 16 ಬಿಟ್ಟನ್ನು ಹೀಗೆ ಹಂಚಿದರು: 4 ಬಿಟ್‌ನಲ್ಲಿ ಯಾವ್ಯಾವ ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಅದುರು, ಯಾವುದರಲ್ಲಿ ಗಾಳಿ ಅನ್ನುವುದು. ಒಟ್ಟು 5 ಪಟ್ಟಿ, ಎಲ್ಲಕ್ಕಿಂತ ಕೆಳಗಿನದು ಪಿಚ್ ಜತೆಗೇ ಗೊತ್ತಾಗುತ್ತದೆ. 1 ಬಿಟ್‌ನಲ್ಲಿ ಮಿಡಿತ ಅಲುಗಾಡುತ್ತಿದೆಯೇ ಅನ್ನುವುದು. ಹೌದು ಅಂದರೆ ಡಿಕೋಡರ್ ಮಿಡಿತಗಳನ್ನು ಬೇಕಂತಲೇ ಕಾಲುಭಾಗದವರೆಗೆ ಹಿಂದೆಮುಂದೆ ಮಾಡುತ್ತದೆ. 8 ಬಿಟ್‌ನಲ್ಲಿ ಪಿಚ್‌ನ ಮೊದಲ ಹತ್ತು ಹಾರ್ಮೋನಿಕ್‌ಗಳ, ಅಂದರೆ ಪಿಚ್‌ನ ಒಂದು, ಎರಡು, ಮೂರು ಪಟ್ಟು ಹೀಗೆ ಬರುವ ಫ್ರೀಕ್ವೆನ್ಸಿಗಳ, ಎತ್ತರ. 3 ಬಿಟ್ ಜೋರಿಗೆ ಸೇರಿಸಿ, ಫ್ರೇಮಿಗೆ ಒಂದು ಸಲದ ಬದಲು ಎರಡು ಸಲ ಜೋರು ಹೇಳುವ ಹಾಗೆ ಮಾಡಿದರು. ನಾಲ್ಕು, ಒಂದು, ಎಂಟು, ಮೂರು. ಒಟ್ಟು ಹದಿನಾರು. ಪಿಚ್‌ನ 7, ತಾಳದ 1 ಹಾಗೇ ಇವೆ. ಇನ್ನೊಂದು ಜಾಣತನ ನೋಡಿ, ಫ್ರೇಮ್ ಅಘೋಷವಾಗಿದ್ದರೆ ಹಾರ್ಮೋನಿಕ್, ಪಟ್ಟಿ, ಅಲುಗಾಟ ಇವ್ಯಾವುದೂ ಬೇಡ, ಹಾಗಾಗಿ 13 ಬಿಟ್ ಖಾಲಿ ಬೀಳುತ್ತವೆ. ಅವನ್ನು ಸುಮ್ನೆ ಬಿಡದೆ, ದಾರಿಯಲ್ಲಿ ಕೆಡಬಹುದಾದ ಬಿಟ್‌ಗಳನ್ನು ಸರಿಪಡಿಸೋಕೆ ಬಳಸಿಕೊಂಡರು.

ಸರಿ, 41ರಿಂದ 25ಕ್ಕೆ ಇಳಿಸಿದ್ದು ಹೇಗೆ? ಎಲ್‌ಪಿಸಿ-10 ಕೊಳವೆಯ ಹತ್ತು ಸಂಖ್ಯೆಗಳನ್ನೂ ಒಂದೊಂದಾಗಿ ಬರೆಯುತ್ತಿತ್ತು, ಕೆಲವಕ್ಕೆ 5 ಬಿಟ್, ಕೆಲವಕ್ಕೆ 4, ಕೊನೆಯವಕ್ಕೆ 3 ಮತ್ತು 2. ಆದರೆ ಈ ಹತ್ತೂ ಸಂಖ್ಯೆಗಳು ತಮ್ಮ ಪಾಡಿಗೆ ತಾವು ಓಡಾಡುವುದಿಲ್ಲ. ಮನುಷ್ಯರ ಬಾಯಿ ಮಾಡಬಹುದಾದ ಆಕಾರಗಳಿಗೆ ಮಿತಿ ಇದೆ. ಒಂದು ಸಂಖ್ಯೆ ಗೊತ್ತಾದರೆ ಉಳಿದವು ಎಲ್ಲಿರಬಹುದು ಅಂತ ಅಂದಾಜು ಸಿಗುತ್ತದೆ. ಹಾಗಾಗಿ ನಿಜವಾದ ಮಾತಿನಿಂದ ಕಲಿತ ಆಕಾರಗಳ ಕೋಶವೊಂದನ್ನು ಎರಡೂ ಕಡೆ ಇಟ್ಟುಕೊಂಡು, ಅದರಲ್ಲಿನ ಕ್ರಮಸಂಖ್ಯೆ ಮಾತ್ರ ಕಳಿಸುವುದು. ಇದಕ್ಕೆ ವೆಕ್ಟರ್ ಕ್ವಾಂಟೈಸೇಶನ್ ಅಂತಾರೆ, ಕೋಶಕ್ಕೆ ಕೋಡ್‌ಬುಕ್. 25 ಬಿಟ್ ಅಂದರೆ 3.3 ಕೋಟಿಗೂ ಹೆಚ್ಚು ನಮೂದು ಬೇಕಾಗುತ್ತಿತ್ತು, ಅಷ್ಟನ್ನು ಇಡೋಕಾಗಲೀ ಹುಡುಕೋಕಾಗಲೀ ಆಗಲ್ಲ. ಅದಕ್ಕೆ ನಾಲ್ಕು ಹಂತ ಮಾಡಿದರು. ಮೊದಲ ಹಂತದಲ್ಲಿ 128 ಆಕಾರ, ಆಮೇಲಿನ ಮೂರರಲ್ಲಿ ತಲಾ 64 ತಿದ್ದುಪಡಿ. ನೆನಪಿನಲ್ಲಿ ಇಡಬೇಕಾದದ್ದು ಬರೀ 320 ನಮೂದು, ಕೂಡಿಸಿದರೆ ಸಿಗುವ ಆಕಾರಗಳು 3.3 ಕೋಟಿ.

ಇದೇ ಕಾಲಕ್ಕೆ ಇನ್ನೊಂದು ದಾರಿಯೂ ಬೆಳೆದಿತ್ತು, ಅದನ್ನು ಬಿಟ್ಟು ಹೋಗುವಂತಿಲ್ಲ. 1985ರಲ್ಲಿ ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಸೆಲ್ಪ್ ಅನ್ನುವ ವಿಧಾನ ಮಂಡಿಸಿದರು. ಗಂಟಲಿನ ಸದ್ದನ್ನು ಘೋಷ, ಅಘೋಷ ಅಂತ ಹೆಸರಿಸುವ ಗೊಡವೆಯೇ ಬೇಡ. 1,024 ಸದ್ದಿನ ತುಣುಕುಗಳನ್ನು ಇಟ್ಟುಕೊಂಡು, ಪ್ರತಿ 5 ಮಿಲಿಸೆಕೆಂಡಿಗೆ ಒಂದೊಂದನ್ನೂ ಕೊಳವೆಯ ಮೂಲಕ ಹಾಯಿಸಿ ನೋಡಿ, ಯಾವುದು ನಿಜವಾದ ಮಾತಿಗೆ ತೀರಾ ಹತ್ತಿರ ಬರುತ್ತದೋ ಅದರ ಸಂಖ್ಯೆ ಕಳಿಸಿ. ಆಗಿನ ಕ್ರೇ-1 ಸೂಪರ್ ಕಂಪ್ಯೂಟರಿಗೇ ಒಂದು ಸೆಕೆಂಡ್ ಮಾತಿಗೆ 150 ಸೆಕೆಂಡ್ ಹಿಡಿಯಿತು. ಆಮೇಲೆ ಇದರ ಸುಧಾರಿತ ರೂಪಗಳೇ ಮೊಬೈಲ್ ಫೋನ್‌ಗಳನ್ನು ಆಳಿದವು. ಆದರೆ ಸೆಲ್ಪ್‌ಗೆ 4,000 ಬಿಟ್‌ಗಿಂತ ಕೆಳಗೆ ಉಸಿರು ಕಟ್ಟುತ್ತದೆ. ಅಲೆಯನ್ನು ಹೋಲುವಂತೆ ಮಾಡೋಕೆ ಹೊರಟ ಯಾವುದಕ್ಕೂ ಅಷ್ಟು ಕಡಿಮೆ ಬಿಟ್ ಸಾಲುವುದಿಲ್ಲ. ಹಾಗಾಗಿ ನಾವು ಮಾತಾಡುತ್ತಿರುವ ಕೆಳಗಿನ ಜಗತ್ತು ವರ್ಣನೆಯ ಕೊಡೆಕ್‌ಗಳದ್ದೇ.

ಇನ್ನು ಬಿಟ್ ಖರ್ಚೇ ಇಲ್ಲದ ಕೆಲಸಗಳು. ಮೊದಲನೆಯದು ಡಿಕೋಡರ್ ಕಡೆ. ಕೊಳವೆಯ ಆಕಾರವನ್ನು ಒರಟಾಗಿ ಕಳಿಸಿದಾಗ ಫಾರ್ಮಂಟ್ ಶಿಖರಗಳು ತಗ್ಗುತ್ತವೆ, ನಡುವಿನ ಕಣಿವೆಗಳು ತುಂಬಿಕೊಳ್ಳುತ್ತವೆ. ಕೇಳೋಕೆ ದನಿ ಮಂಕಾಗುತ್ತದೆ. ಪೋಸ್ಟ್‌ಫಿಲ್ಟರ್ ಅನ್ನುವುದು ಈ ಕಣಿವೆಗಳನ್ನು ಮತ್ತೆ ತೋಡುತ್ತದೆ. ಎಲ್ಲಿ ತೋಡಬೇಕು ಅಂತ ಬೇರೆ ಹೇಳಬೇಕಾಗಿಲ್ಲ, ಬಂದ ಆಕಾರದಲ್ಲೇ ಆ ಮಾಹಿತಿ ಇದೆ. ಶಿಖರದ ಹತ್ತಿರ ಸ್ವಲ್ಪ ತಪ್ಪಿದ್ದರೂ ಕಿವಿಗೆ ಕೇಳುವುದಿಲ್ಲ, ಜೋರಾದ ಸದ್ದು ಪಕ್ಕದ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಕಣಿವೆಯಲ್ಲಿನ ಕಸ ಮಾತ್ರ ಎದ್ದು ಕೇಳುತ್ತದೆ. ಜಾಸ್ತಿ ತೋಡಿದರೆ ದನಿ ಟೊಳ್ಳಾಗುತ್ತದೆ, ಅದು ಹದ ನೋಡಿ ಮಾಡುವ ಕೆಲಸ.

ಎರಡನೆಯದು ಮೈಕಿನ ಕಡೆ, ಇದನ್ನು ಜನ ಗಂಭೀರವಾಗಿ ತೆಗೆದುಕೊಳ್ಳುವುದೇ ಇಲ್ಲ ಅನ್ನುವುದು ನನ್ನ ದೂರು. ವರ್ಣನೆಯ ಕೊಡೆಕ್ಕಿಗೆ ಗೊತ್ತಿರುವುದು ಒಂದು ಗಂಟಲು, ಒಂದು ಬಾಯಿ. ಪಕ್ಕದಲ್ಲಿ ಇನ್ನೊಬ್ಬರು ಮಾತಾಡಿದರೆ, ಜೀಪಿನ ಎಂಜಿನ್ ಗುರ್ ಅಂದರೆ, ಅದೂ ಅದೇ ಗಂಟಲಿಂದ ಬಂತು ಅಂತ ತಿಳಿದು ಲೆಕ್ಕ ಹಾಕುತ್ತದೆ. ಪಿಚ್ ಅಂದಾಜು ತಪ್ಪಿ ಅರ್ಧಕ್ಕೋ ದುಪ್ಪಟ್ಟಿಗೋ ಹಾರುತ್ತದೆ, ಹೆಂಗಸರ ದನಿ ಇದ್ದಕ್ಕಿದ್ದ ಹಾಗೆ ಗೊಗ್ಗರಾಗುತ್ತದೆ. 64,000 ಬಿಟ್‌ನ ಫೋನಿನಲ್ಲಿ ಗದ್ದಲ ಬರೀ ಗದ್ದಲವಾಗಿ ಕೇಳುತ್ತದೆ, ಇಲ್ಲಿ ಅದು ಮಾತನ್ನೇ ಕೆಡಿಸುತ್ತದೆ. ಅದಕ್ಕೇ ಮೆಲ್ಪ್‌ನ ಮುಂದಿನ ರೂಪದಲ್ಲಿ ಎನ್‌ಕೋಡರಿಗೂ ಮುಂಚೆಯೇ ಗದ್ದಲ ತೆಗೆಯುವ ಒಂದು ಹಂತ ಸೇರಿಸಿದರು. ನಮ್ಮ ಕೈಯಲ್ಲಿರುವ ಉಪಾಯ ಇನ್ನೂ ಸುಲಭ: ಮೈಕನ್ನು ಬಾಯಿಗೆ ಹತ್ತಿರ ಹಿಡಿಯಿರಿ, ಫ್ಯಾನ್ ಆರಿಸಿ, ಕೀರಲು ಮೈಕಿದ್ದರೆ ಈಕ್ವಲೈಸರ್‌ನಲ್ಲಿ ಸಪಾಟು ಮಾಡಿಕೊಳ್ಳಿ. ಕೋಡ್‌ಬುಕ್ ಕಲಿತದ್ದು ಸಪಾಟು ಮೈಕಿನ ಮಾತಿನಿಂದ ಆಗಿದ್ದರೆ, ನಿಮ್ಮ ಮೈಕಿನ ಓರೆಕೋರೆಗೆ ಹೊಂದುವ ನಮೂದು ಅದರಲ್ಲಿ ಇರುವುದೇ ಇಲ್ಲ, ಬಿಟ್‌ಗಳು ಮೈಕಿನ ತಪ್ಪನ್ನು ವರ್ಣಿಸೋಕೆ ಖರ್ಚಾಗುತ್ತವೆ.

ಇದೆಲ್ಲವನ್ನೂ ತೆರೆದಿಟ್ಟು ಮಾಡಿ ತೋರಿಸಿದವರು ಆಸ್ಟ್ರೇಲಿಯಾದ ಅಡಿಲೇಡಿನ ಡೇವಿಡ್ ರೋ. ಕಡಿಮೆ ಬಿಟ್‌ನ ಕೊಡೆಕ್‌ಗಳು ಬಹುಪಾಲು ಪೇಟೆಂಟ್, ಲೈಸೆನ್ಸ್‌ಗಳ ಬಿಗಿಯಲ್ಲಿದ್ದವು. ಹ್ಯಾಮ್‌ಗಳು ಬಳಸುವ ಡಿಜಿಟಲ್ ಸೆಟ್‌ಗಳಲ್ಲೂ ಒಳಗೆ ಏನಿದೆ ಅಂತ ತೆರೆದು ನೋಡುವಂತಿರಲಿಲ್ಲ. ರೋ ಅವರು 2010ರ ಹೊತ್ತಿಗೆ ಕೊಡೆಕ್ 2 ಅನ್ನುವ ಮುಕ್ತ ತಂತ್ರಾಂಶ ಹೊರತಂದರು. ಸೆಕೆಂಡಿಗೆ 3,200 ಬಿಟ್‌ನಿಂದ 700ರವರೆಗೆ, ಪ್ರಯೋಗಕ್ಕೆ 450ರವರೆಗೂ ಅದರಲ್ಲಿ ಬೇರೆಬೇರೆ ಮಟ್ಟಗಳಿವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪುಸ್ತಕ ಇಲ್ಲ, ಸೋರ್ಸ್ ಕೋಡೇ ಪುಸ್ತಕ.

ಅದರ 700ಸಿ ಮಟ್ಟವನ್ನು ಹತ್ತಿರದಿಂದ ನೋಡಿ. ಫ್ರೇಮ್ 40 ಮಿಲಿಸೆಕೆಂಡ್, ಫ್ರೇಮಿಗೆ ಬರೀ 28 ಬಿಟ್. 18 ಬಿಟ್ ಆಕಾರಕ್ಕೆ (9 ಬಿಟ್‌ನ ಎರಡು ಹಂತ), 4 ಜೋರಿಗೆ, 6 ಪಿಚ್ ಮತ್ತು ಘೋಷಕ್ಕೆ. ಹಾರ್ಮೋನಿಕ್‌ಗಳ ಫೇಸ್‌ಗೆ, ಅಂದರೆ ಯಾವುದು ಯಾವ ಕ್ಷಣಕ್ಕೆ ಏಳುತ್ತದೆ ಅನ್ನುವುದಕ್ಕೆ, ಒಂದು ಬಿಟ್ಟೂ ಇಲ್ಲ. ಡಿಕೋಡರ್ ಅದನ್ನು ಆಕಾರದಿಂದಲೇ ಊಹಿಸಿಕೊಳ್ಳುತ್ತದೆ.

ಈಗ ಯಾರೋ ‘ಸಕ್ಕರೆ’ ಅನ್ನುತ್ತಾರೆ ಅಂತಿಟ್ಟುಕೊಳ್ಳಿ. ‘ಸ’ದಲ್ಲಿ ಮೊದಲು ಗಾಳಿ, ಆಮೇಲೆ ‘ಅ’ದ ಅದುರು. ಆಮೇಲೆ ‘ಕ್ಕ’ಗೆ ನಾಲಿಗೆಯ ಹಿಂಭಾಗ ಅಂಗುಳಕ್ಕೆ ಅಂಟಿ ಪೂರ್ತಿ ಮೌನ, ಎರಡು ಮೂರು ಫ್ರೇಮ್ ಹಿಡಿಯುವಷ್ಟು. ಆಮೇಲೆ ಅಂಟು ಬಿಡುವಾಗ ಒಂದು ಸಣ್ಣ ಸಿಡಿತ, ಅದರ ಆಯುಸ್ಸು ಫ್ರೇಮಿನ ಅರ್ಧವೂ ಇಲ್ಲ. ಡಿಕೋಡರಿಗೆ ಸಿಗುವುದು 40 ಮಿಲಿಸೆಕೆಂಡಿಗೊಂದು ವರ್ಣನೆ, ನಡುವಿನದ್ದನ್ನು ಅದು ನಯವಾಗಿ ತುಂಬಿಕೊಳ್ಳುತ್ತದೆ. ಸ್ವರಗಳಿಗೆ ಇದು ಚೆನ್ನಾಗಿ ಹೊಂದುತ್ತದೆ, ಬಾಯಿ ನಿಧಾನಕ್ಕೆ ಅಲುಗುತ್ತದಲ್ಲ. ಸಿಡಿತಕ್ಕೆ ಈ ನಯವೇ ಶತ್ರು. ಮೌನದ ಅಂಚು ಕರಗಿ, ಸಿಡಿತ ಹರಡಿ, ‘ಕ್ಕ’ ಹೋಗಿ ‘ಗ’ ಥರ ಕೇಳಬಹುದು. ಕೆಳಮಟ್ಟದ ಕೊಡೆಕ್‌ಗಳಲ್ಲಿ ವ್ಯಂಜನಗಳೇ ಮೊದಲು ಕೆಡುವುದು ಇದಕ್ಕೇ. ಮೆಲ್ಪ್ ಆ 3 ಬಿಟ್ಟನ್ನು ಎರಡನೇ ಸಲ ಜೋರು ಹೇಳೋಕೆ ಯಾಕೆ ಕೊಟ್ಟಿತು ಅನ್ನುವುದೂ ಇಲ್ಲಿ ಗೊತ್ತಾಗುತ್ತದೆ ಅಲ್ವಾ?

‘ಸ’ದ ಕತೆ ಬೇರೆ. 8,000 ಸಲ ಅಳೆದರೆ 4,000 ಹರ್ಟ್ಸ್‌ಗಿಂತ ಮೇಲಿನದ್ದು ಸಿಗುವುದೇ ಇಲ್ಲ, ಫೋನಿನಲ್ಲಂತೂ 3,400ಕ್ಕೇ ಕತ್ತರಿ. ‘ಸ’ದ ಬಹುಪಾಲು ಬಲ ಇರುವುದೇ ಅದರ ಮೇಲೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಹೇಳುವಾಗ ‘ಎಸ್ಸಾ, ಎಫ್ಫಾ?’ ಅಂತ ಮತ್ತೆಮತ್ತೆ ಕೇಳುವುದು ಇದರಿಂದಲೇ.

ದಾರಿಯಲ್ಲಿ ಬಿಟ್ ಕೆಡುವುದೂ ಇದೆ. 64,000ದಲ್ಲಿ ಒಂದು ಬಿಟ್ ತಿರುಗಿದರೆ ಒಂದು ಚಿಟಕಿ ಸದ್ದು ಅಷ್ಟೇ. 28ರಲ್ಲಿ ಪಿಚ್‌ನ ಒಂದು ಬಿಟ್ ತಿರುಗಿದರೆ 40 ಮಿಲಿಸೆಕೆಂಡ್ ಪೂರ್ತಿ ಕೀಚಲು. ಆದ್ದರಿಂದ ಕೊಡೆಕ್ 2 ಬಳಸುವ ಹ್ಯಾಮ್‌ಗಳ ರೇಡಿಯೊ ತಂತ್ರಾಂಶ ಫ್ರೀಡಿವಿಯ 700ಡಿ ಮಟ್ಟದಲ್ಲಿ ಮಾತಿನ ಬಿಟ್ ಎಷ್ಟೋ ಅಷ್ಟೇ ಬಿಟ್‌ಗಳನ್ನು ತಪ್ಪು ತಿದ್ದೋಕೆ ಸೇರಿಸಿ ಕಳಿಸುತ್ತಾರೆ. ರೇಡಿಯೊದಲ್ಲಿ ಗದ್ದಲದ ಬಲ ಸಿಗ್ನಲ್‌ಗಿಂತ ಜಾಸ್ತಿ ಇದ್ದಾಗಲೂ ಅದು ಮಾತು ಮುಟ್ಟಿಸುತ್ತದೆ.

2018ರಲ್ಲಿ ಈ ಕ್ಷೇತ್ರದ ದಿಕ್ಕೇ ಬದಲಾಯಿತು. ಗೂಗಲ್‌ನ ಸಂಶೋಧಕರು ಕೊಡೆಕ್ 2ರ 2,400 ಬಿಟ್‌ನ ಮಟ್ಟವನ್ನು ತೆಗೆದುಕೊಂಡರು. ಎನ್‌ಕೋಡರ್ ಮುಟ್ಟಲಿಲ್ಲ, ಬಿಟ್‌ಗಳು ಅವೇ. ಡಿಕೋಡರ್ ಜಾಗದಲ್ಲಿ ಮಾತ್ರ ವೇವ್‌ನೆಟ್ ಅನ್ನುವ ನ್ಯೂರಲ್ ಜಾಲ ಇಟ್ಟರು. ಬಂದ ದನಿ ಎಷ್ಟೋ ಪಾಲು ಸಹಜವಾಗಿತ್ತು. ಅಷ್ಟೇ ಅಲ್ಲ, 4,000 ಹರ್ಟ್ಸ್ ಮೇಲಿನ ಭಾಗವನ್ನೂ ತಾನೇ ತುಂಬಿಕೊಂಡಿತು. ಆಗಲೇ ಹೇಳಿದ ಕಲಾವಿದನನ್ನು ನೆನಪು ಮಾಡಿಕೊಳ್ಳಿ. ವರ್ಣನೆ ಅದೇ, ಬರೆಯುವವನು ಬದಲಾದ, ಹೊಸಬ ಸಾವಿರಾರು ಮುಖ ನೋಡಿ ಪಳಗಿದವನು.

ತೊಂದರೆ ಇದ್ದದ್ದು ಲೆಕ್ಕದ ಭಾರದಲ್ಲಿ, ವೇವ್‌ನೆಟ್ ಮೊಬೈಲಿನಲ್ಲಿ ಓಡುವಂಥದ್ದಲ್ಲ. ಜೀನ್-ಮಾರ್ಕ್ ವಾಲಿನ್ ಮತ್ತು ಯಾನ್ ಸ್ಕೋಗ್ಲುಂಡ್ ಮಾಡಿದ ಎಲ್‌ಪಿಸಿನೆಟ್ ಇದನ್ನು ಸುಂದರವಾಗಿ ಬಿಡಿಸಿತು. ಊಹಿಸಬಹುದಾದ ಭಾಗವನ್ನು ಅಟಲ್, ಇಟಾಕುರ ಕಾಲದ ಹಳೇ ಲೀನಿಯರ್ ಪ್ರಿಡಿಕ್ಷನ್ನಿಗೇ ಬಿಟ್ಟುಬಿಡಿ, ಊಹೆಗೆ ಸಿಗದೆ ಉಳಿದದ್ದನ್ನು ಮಾತ್ರ ಜಾಲ ನೋಡಿಕೊಳ್ಳಲಿ. 40 ಮಿಲಿಸೆಕೆಂಡಿಗೆ 64 ಬಿಟ್, ಅಂದರೆ 1,600 ಬಿಟ್‌ನಲ್ಲಿ, ಸಾಧಾರಣ ಫೋನಿನ ಪ್ರೊಸೆಸರ್‌ನಲ್ಲೇ ಒಳ್ಳೆ ದನಿ ಬಂತು. 2021ರಲ್ಲಿ ಗೂಗಲ್‌ನ ಲೈರಾ 3,000 ಬಿಟ್‌ನಲ್ಲಿ ಬಂತು. ವಾಟ್ಸಾಪ್‌ನಿಂದ ವಿಡಿಯೊ ಮೀಟಿಂಗ್‌ವರೆಗೆ ಎಲ್ಲೆಡೆ ಇರುವ ಓಪಸ್ ಕೊಡೆಕ್ಕಿನ 2024ರ 1.5 ಆವೃತ್ತಿಯಲ್ಲೂ ಇದೇ ಸೂತ್ರ. ಎನ್‌ಕೋಡರ್ ಹಾಗೇ ಇದ್ದು, ಕೇಳುವ ಕಡೆ ಸಣ್ಣ ನ್ಯೂರಲ್ ಪೋಸ್ಟ್‌ಫಿಲ್ಟರ್ ಸೇರಿಸಿ 6,000 ಬಿಟ್‌ನ ದನಿಯನ್ನು ಮೇಲೆತ್ತುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಳೇ ಕೊಡೆಕ್ ತಪ್ಪಿದರೆ ಸದ್ದು ಕೆಟ್ಟದಾಗಿ ಕೇಳುತ್ತಿತ್ತು, ಕೇಳುವವರು ‘ಏನಂದ್ರಿ? ಇನ್ನೊಂದ್ಸಲ ಹೇಳಿ’ ಅನ್ನುತ್ತಿದ್ದರು. ನ್ಯೂರಲ್ ಡಿಕೋಡರ್ ತಪ್ಪಿದಾಗ ಸೊಗಸಾದ, ಸ್ಪಷ್ಟವಾದ, ಆದರೆ ಬೇರೆಯೇ ಅಕ್ಷರ ಕೇಳಿಸಬಹುದು. ಪಳಗಿದ ಕಲಾವಿದ ತಾನು ನೋಡಿದ ಮುಖಗಳ ಕಡೆಗೇ ಎಳೆಯುತ್ತಾನೆ. ಜಾಲ ಕಲಿತ ಮಾತಿನಲ್ಲಿ ಕನ್ನಡ ಇಲ್ಲದಿದ್ದರೆ ಅದು ತುಂಬುವುದು ಬೇರೆ ಭಾಷೆಯ ಸದ್ದನ್ನೇ. ದನಿ ಸಹಜವಾಗಿದೆಯೇ ಅನ್ನುವುದು ಒಂದು ಪ್ರಶ್ನೆ, ಮಾತು ಸರಿಯಾಗಿ ಮುಟ್ಟಿತೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ 1ರಿಂದ 5ರವರೆಗೆ ಅಂಕ ಕೊಡಿಸುವ ಪದ್ಧತಿ ಇದೆ. ಎರಡನೆಯದಕ್ಕೆ, ಒಂದೇ ಸದ್ದಿನಲ್ಲಿ ಬೇರೆಯಾಗುವ ಪದಗಳ ಜೋಡಿ ಕೇಳಿಸಿ ಯಾವುದು ಅಂತ ಗುರುತಿಸಲು ಹೇಳುವ ಡಿಆರ್‌ಟಿ ಪರೀಕ್ಷೆ ಇದೆ. ಮೂಲದ ಜೋಡಿಗಳೆಲ್ಲ ಇಂಗ್ಲಿಷಿನವು.

ಇಂಗ್ಲಿಷಿಗೆ ಬೇಕಾದ ಭೇದಗಳೇ ಬೇರೆ, ನಮ್ಮವೇ ಬೇರೆ. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಪ-ಬ ಭೇದ ಬಹುಪಾಲು ಉಸಿರಿನದ್ದು, ಅವರ ‘ಪ’ ಜತೆಗೆ ಗಾಳಿಯೂ ಹೊರಡುತ್ತದೆ. ಕನ್ನಡದಲ್ಲಿ ಗಾಳಿ ಬಂದರೆ ಅದು ಮಹಾಪ್ರಾಣವೇ ಆಗಿಬಿಡುತ್ತದೆ. ನಮ್ಮ ‘ಕುಡಿ’ ಮತ್ತು ‘ಗುಡಿ’, ‘ತಡ’ ಮತ್ತು ‘ದಡ’ ಬೇರೆಯಾಗುವುದು, ಬಾಯಿ ಇನ್ನೂ ಮುಚ್ಚಿರುವಾಗಲೇ ಗಂಟಲು ಅದುರಲು ಶುರುಮಾಡಿತೇ ಅನ್ನುವುದರಲ್ಲಿ. ಆ ಅದುರು ತೀರಾ ಕೆಳಗಿನ ಫ್ರೀಕ್ವೆನ್ಸಿಯದ್ದು, ನೂರು, ಇನ್ನೂರು ಹರ್ಟ್ಸ್. ಗದ್ದಲ ಕಡಿಮೆ ಮಾಡ್ತೀವಿ ಅಂತ 300 ಹರ್ಟ್ಸ್‌ಗೆ ಕತ್ತರಿ ಹಾಕಿದರೆ ಅದು ಹೋಗಿಯೇ ಬಿಡುತ್ತದೆ. ‘ಮನೆ’ ಮತ್ತು ‘ಮಣೆ’, ‘ಹುಲಿ’ ಮತ್ತು ‘ಹುಳಿ’, ‘ಕತ್ತಿ’ ಮತ್ತು ‘ಕಟ್ಟಿ’ ಇವುಗಳಲ್ಲಿ ನಾಲಿಗೆ ಹಿಂದಕ್ಕೆ ಮಡಿಚಿದಾಗ ಮೂರನೇ ಫಾರ್ಮಂಟ್ ಕೆಳಗಿಳಿಯುತ್ತದೆ. ಹಿಂದಿನ ಸ್ವರದಿಂದ ಅದರೊಳಗೆ ಜಾರುವ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಆ ಸುಳಿವು ಬಂದು ಹೋಗುತ್ತದೆ. ‘ಕಡಿ’ಗೂ ‘ಕಡ್ಡಿ’ಗೂ ಇರುವ ಭೇದ ಬಾಯಿ ಮುಚ್ಚಿರುವ ಹೊತ್ತಿನ ಉದ್ದದ್ದು. 40 ಮಿಲಿಸೆಕೆಂಡಿಗೊಮ್ಮೆ ನೋಡುವ ಕೊಡೆಕ್ಕಿಗೆ ಇವೆಲ್ಲ ಕಷ್ಟದ ಜಾಗಗಳೇ. ಇವನ್ನು ಕಾಪಾಡುವ ಕೋಡ್‌ಬುಕ್ ಬೇಕಿದ್ದರೆ ಕನ್ನಡ, ತಮಿಳು, ತೆಲುಗು, ಮರಾಠಿ ಮಾತಿನಿಂದ ಕಲಿಸಬೇಕು, ಈ ಜೋಡಿಗಳಿಂದಲೇ ಪರೀಕ್ಷೆ ಮಾಡಬೇಕು.

ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಕೊಡೆಕ್ 2 ಉಚಿತವಾಗಿ ಸಿಗುತ್ತದೆ, ಲಿನಕ್ಸ್ ಇರುವ ಯಾವ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಗಂಡು, ಹೆಣ್ಣು ಎರಡೂ ದನಿಯಲ್ಲಿ ಇಂಥ ಜೋಡಿಗಳನ್ನು 8,000 ಸ್ಯಾಂಪಲ್‌ನ ಫೈಲಾಗಿ ರೆಕಾರ್ಡ್ ಮಾಡಿ, ಎನ್‌ಕೋಡ್ ಮಾಡಿ, ಡಿಕೋಡ್ ಮಾಡಿ, ಕ್ರಮ ಕಲಸಿ ಇಡಿ. ಕೇಳುವವರ ಕೈಗೆ ಜೋಡಿಯ ಎರಡೂ ಪದ ಬರೆದ ಹಾಳೆ ಕೊಡಿ, ಒಂದೊಂದೇ ಪದ ಕೇಳಿಸಿ, ಕೇಳಿದ್ದಕ್ಕೆ ಗುರುತು ಹಾಕಲಿ. ವಾಕ್ಯದಲ್ಲಿ ಸೇರಿಸಿ ಹೇಳಬೇಡಿ, ವಾಕ್ಯ ಕೇಳಿದರೆ ಹುಲಿಯೋ ಹುಳಿಯೋ ಅಂತ ಯಾರಾದರೂ ಊಹಿಸುತ್ತಾರೆ. ಸುಮ್ನೆ ಊಹೆ ಮಾಡಿದರೂ ಅರ್ಧ ಸರಿಯಾಗುತ್ತದಲ್ಲ, ಅದಕ್ಕೆ ಸರಿ ಉತ್ತರಗಳಿಂದ ತಪ್ಪು ಉತ್ತರಗಳನ್ನು ಕಳೆದು, ಒಟ್ಟು ಪ್ರಶ್ನೆಗಳಿಂದ ಭಾಗಿಸಿ, ನೂರರಿಂದ ಗುಣಿಸಿ. ಘೋಷದ ಜೋಡಿಗಳಿಗೆ, ನ-ಣ, ಲ-ಳ ಜೋಡಿಗಳಿಗೆ, ಒತ್ತಿನ ಜೋಡಿಗಳಿಗೆ ಬೇರೆಬೇರೆ ಅಂಕ ತೆಗೆಯಿರಿ, ಒಟ್ಟಿಗೆ ಕೂಡಿಸಬೇಡಿ. ಯಾವ ಗುಂಪಿನ ಅಂಕ ಬಿದ್ದಿದೆ ಅಂತ ನೋಡಿದರೆ ಮುಂದಿನ ಬಿಟ್ಟನ್ನು ಆಕಾರಕ್ಕೆ ಕೊಡಬೇಕೋ, ಜೋರಿಗೆ ಕೊಡಬೇಕೋ, ಇಲ್ಲಾ ಮೈಕಿನ ಕತ್ತರಿಯನ್ನೇ ತೆಗೆದರೆ ಸಾಕೋ ಅನ್ನುವುದು ಗೊತ್ತಾಗುತ್ತದೆ.